ರೋಮನ್ನರ ಆಂಫಿಥಿಯೇಟರ್: ಯಾರು ಎಲ್ಲಿ ಕೂತರು, ಯಾರು ಖರ್ಚು ಹೊತ್ತರು, ಯಾರು ಕೂಗಿದರು?

ಶಾಸನಪ್ರಿಯ:

ಇಟಲಿಯ ಪಾಂಪೆ ಪಟ್ಟಣದ ಆಂಫಿಥಿಯೇಟರಿನಲ್ಲಿ (ನಡುವೆ ಕಾಳಗದ ಅಂಗಳ, ಸುತ್ತಲೂ ಆಸನಗಳಿರುವ ಕಟ್ಟಡ) ಸಿಕ್ಕಿರುವ ಒಂದು ಲ್ಯಾಟಿನ್ ಶಾಸನದಿಂದ ಈ ಚರ್ಚೆಯನ್ನು ಆರಂಭಿಸುತ್ತೇನೆ. ಗಾಯಸ್ ಕ್ವಿಂಕ್ಟಿಯಸ್ ವಾಲ್ಗಸ್ ಮತ್ತು ಮಾರ್ಕಸ್ ಪೋರ್ಷಿಯಸ್ ಎಂಬ ಇಬ್ಬರು ನಗರಾಧಿಕಾರಿಗಳು ತಮ್ಮ ವಸಾಹತಿನ ಗೌರವಕ್ಕಾಗಿ, ಸ್ವಂತ ಹಣದಿಂದ ಈ ಕಟ್ಟಡವನ್ನು ಕಟ್ಟಿಸಿ, ಸ್ಥಳವನ್ನು ವಸಾಹತಿನವರಿಗೆ ಶಾಶ್ವತವಾಗಿ ಬಿಟ್ಟುಕೊಟ್ಟರೆಂದು ಅದು ಹೇಳುತ್ತದೆ. ಕಾಲ ಸುಮಾರು ಕ್ರಿ.ಪೂ. 70. ಅಂದರೆ ಇದು ರೋಮಿನ ಪ್ರಸಿದ್ಧ ಆಂಫಿಥಿಯೇಟರ್ ಕೊಲೋಸಿಯಂಗಿಂತ ಸುಮಾರು ಒಂದೂವರೆ ಶತಮಾನ ಹಳೆಯದು. ಶಾಸನದಲ್ಲಿ ಕಟ್ಟಡವನ್ನು ‘ಸ್ಪೆಕ್ಟಾಕುಲಾ’ ಎಂದು, ಎಂದರೆ ನೋಡುವ ಜಾಗ ಎಂದು, ಕರೆಯಲಾಗಿದೆ. ‘ಆಂಫಿಥಿಯೇಟರ್’ ಎಂಬ ಹೆಸರು ಆಗಿನ್ನೂ ರೂಢಿಗೆ ಬಂದಿರಲಿಲ್ಲ. ‘ವಸಾಹತಿನವರು’ ಎಂಬ ಮಾತನ್ನೂ ಗಮನಿಸಬೇಕು. ಈ ಊರನ್ನು ಸೋಲಿಸಿದ್ದ ರೋಮನ್ ಸೇನಾಪತಿ ಸುಲ್ಲಾ ಕ್ರಿ.ಪೂ. 80ರಲ್ಲಿ ತನ್ನ ನಿವೃತ್ತ ಸೈನಿಕರನ್ನು ಇಲ್ಲಿ ನೆಲೆಗೊಳಿಸಿದ್ದ. ಸೋತ ಊರಿನ ಮೂಲನಿವಾಸಿಗಳ ಕಣ್ಣೆದುರೇ ಗೆದ್ದವರಿಗಾಗಿ ಎದ್ದ ಕಟ್ಟಡ ಇದು.

‘ಅನ್ನ ಹಾಕಿ, ಆಟ ತೋರಿಸಿ, ಜನರನ್ನು ಸುಮ್ಮನಿರಿಸಿದರು’ ಎಂಬ ಒಂದೇ ಸಾಲಿನಲ್ಲಿ ಆಂಫಿಥಿಯೇಟರಿನ ಕತೆಯನ್ನು ಮುಗಿಸುವ ಅಭ್ಯಾಸ ನಮ್ಮಲ್ಲಿದೆ. ಈ ಸಾಲಿನಲ್ಲಿ ನನಗೆ ಎರಡು ತೊಡಕುಗಳು ಕಾಣುತ್ತವೆ. ಕವಿ ಜುವೆನಲ್ ಹೇಳಿದ್ದು ಅನ್ನ ಮತ್ತು ‘ಸರ್ಕಸ್’ ಎಂದು. ರೋಮನ್ನರ ಸರ್ಕಸ್ ಎಂದರೆ ನಾವು ಬಾಲ್ಯದಲ್ಲಿ ನೋಡಿದ ಡೇರೆಯ ಸರ್ಕಸ್ ಅಲ್ಲ, ಆಂಫಿಥಿಯೇಟರೂ ಅಲ್ಲ. ಅದು ರಥಗಳ ಓಟದ ಉದ್ದನೆಯ ಮೈದಾನ. ಎರಡನೆಯದಾಗಿ, ಕ್ರಿ.ಶ. 354ರ ರೋಮಿನ ಪಂಚಾಂಗವೊಂದು ನಮಗೆ ದೊರೆತಿದೆ. ವರ್ಷದ 176 ದಿನಗಳನ್ನು ಅದು ಆಟಗಳಿಗೆ ಮೀಸಲಿಡುತ್ತದೆ. ಅವುಗಳಲ್ಲಿ ಗ್ಲಾಡಿಯೇಟರ್ (ಜನರೆದುರು ಆಯುಧ ಹಿಡಿದು ಕಾದಾಡುವವರು) ಕಾಳಗಕ್ಕೆ ಸಿಕ್ಕಿರುವುದು ಕೇವಲ 10 ದಿನ. ಇಷ್ಟು ಅಪರೂಪವಾಗಿದ್ದುದರಿಂದಲೇ ಅಂಥ ದಿನಗಳಿಗೆ ಬೆಲೆ ಹೆಚ್ಚಾಗಿರಬೇಕು ಎಂಬುದು ನನ್ನ ಊಹೆ.

ನನ್ನ ವಾದ ಹೀಗಿದೆ. ಆಂಫಿಥಿಯೇಟರಿನಲ್ಲಿ ಜನ ಕಾಳಗವನ್ನು ನೋಡಿದಷ್ಟೇ ಒಬ್ಬರನ್ನೊಬ್ಬರು ನೋಡಿದರು. ಅದರ ವೃತ್ತಾಕಾರವೇ ಅಂಥದ್ದು. ಎದುರು ಬದಿಯ ಸಾವಿರಾರು ಮುಖಗಳು ಸದಾ ಕಣ್ಣಿಗೆ ಬೀಳುತ್ತವೆ. ಅಗಸ್ಟಸ್ ಚಕ್ರವರ್ತಿ ಇದನ್ನು ಚೆನ್ನಾಗಿ ಅರಿತಿದ್ದ. ಪುಟಿಯೋಲಿ ಎಂಬ ಊರಿನಲ್ಲಿ ಕಿಕ್ಕಿರಿದ ಆಟವೊಂದಕ್ಕೆ ಬಂದ ಸೆನೆಟರನಿಗೆ (ಸೆನೆಟ್ ಎಂಬ ರೋಮಿನ ಆಡಳಿತ ಸಭೆಯ ಸದಸ್ಯ) ಯಾರೂ ಜಾಗ ಬಿಟ್ಟುಕೊಡಲಿಲ್ಲವೆಂಬ ಕಾರಣಕ್ಕೆ ಅವನು ಆಸನಗಳ ನಿಯಮವನ್ನೇ ರೂಪಿಸಿದನೆಂದು ಚಕ್ರವರ್ತಿಗಳ ಚರಿತ್ರೆ ಬರೆದ ಸ್ವೆಟೋನಿಯಸ್ ಹೇಳುತ್ತಾನೆ. ಅದರಂತೆ ಮೊದಲ ಸಾಲು ಸೆನೆಟರರಿಗೆ. ಸೈನಿಕರು ನಾಗರಿಕರಿಂದ ಬೇರೆ, ವಿವಾಹಿತ ಗಂಡಸರಿಗೆ ಪ್ರತ್ಯೇಕ ಸಾಲು, ಹುಡುಗರಿಗೆ ಒಂದು ವಿಭಾಗ, ಅದರ ಪಕ್ಕದಲ್ಲೇ ಅವರನ್ನು ನೋಡಿಕೊಳ್ಳುವ ಶಿಕ್ಷಕರು. ಮಾಸಲು ಬಟ್ಟೆ ತೊಟ್ಟವರಿಗೆ ನಡುವಿನ ಸಾಲುಗಳಲ್ಲಿ ಪ್ರವೇಶವಿಲ್ಲ. ಇಡೀ ಸಮಾಜವನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದ ನಕ್ಷೆ ಇದು.

ಬೇರೆಯವರ ಅಭಿಪ್ರಾಯವನ್ನು ಕೇಳಲು ಕಾದಿದ್ದೇನೆ.

ಗಾರೆ_ಗಡಿಯಾರ:

ನಾನು ಇತಿಹಾಸದ ವಿದ್ಯಾರ್ಥಿಯಲ್ಲ, ನಿವೃತ್ತ ಸಿವಿಲ್ ಇಂಜಿನಿಯರ್. ಆದ್ದರಿಂದ ಕಟ್ಟಡದ ಮಾತನ್ನಷ್ಟೇ ಆಡುತ್ತೇನೆ. ಮೊದಲು ಒಂದು ಸಣ್ಣ ತಕರಾರು: ಅದು ವೃತ್ತವಲ್ಲ, ಅಂಡಾಕಾರ. ನಮ್ಮ ಕಾಲೇಜುಗಳಲ್ಲೂ ಉದ್ಯಾನಗಳಲ್ಲೂ ಅರ್ಧಚಂದ್ರಾಕಾರದ ಮೆಟ್ಟಿಲುಗಳನ್ನು ಕಟ್ಟಿ ‘ಆಂಫಿಥಿಯೇಟರ್’ ಎಂದು ಫಲಕ ಹಾಕುತ್ತಾರೆ. ರೋಮನ್ನನೊಬ್ಬ ಅದನ್ನು ನೋಡಿದ್ದರೆ ಬರಿಯ ‘ಥಿಯೇಟರ್’ ಎನ್ನುತ್ತಿದ್ದ. ಆ ಗ್ರೀಕ್ ಪದದ ಅರ್ಥವೇ ಎರಡೂ ಕಡೆಯಿಂದ ನೋಡುವ ಜಾಗ ಎಂದು.

ಕೊಲೋಸಿಯಂ ಹೊರಗಿನಿಂದ ಸುಮಾರು 188 ಮೀಟರ್ ಉದ್ದ, 156 ಮೀಟರ್ ಅಗಲವಿದೆ. ಎತ್ತರ 48 ಮೀಟರಿಗೂ ಹೆಚ್ಚು. ನೀರೋ ಚಕ್ರವರ್ತಿ ತನ್ನ ಅರಮನೆಗಾಗಿ ತೋಡಿಸಿದ್ದ ಕೆರೆಯ ಜಾಗದಲ್ಲಿ, ಮುಂದೆ ಚಕ್ರವರ್ತಿಯಾದ ವೆಸ್ಪೇಸಿಯನ್ ಇದನ್ನು ಆರಂಭಿಸಿದ. ಅವನ ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದ. ಒಬ್ಬನ ಖಾಸಗಿ ಕೆರೆಯನ್ನು ಬರಿದು ಮಾಡಿ ಸಾರ್ವಜನಿಕರ ಕಟ್ಟಡ ಕಟ್ಟಿದ್ದು ರಾಜಕೀಯವಾಗಿ ಎಷ್ಟು ಜಾಣತನವೋ ನನಗೆ ತಿಳಿಯದು, ಆದರೆ ಕೆರೆಯ ಅಂಗಳದಲ್ಲಿ ಇಷ್ಟು ಭಾರವನ್ನು ನಿಲ್ಲಿಸಲು ಹಾಕಿದ ಕಾಂಕ್ರೀಟ್ ಪಾಯವನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ. ನೆಲದ ಮಟ್ಟದಲ್ಲಿ 80 ಕಮಾನುಗಳಿದ್ದವು. 76ಕ್ಕೆ ಸಂಖ್ಯೆ ಕೆತ್ತಿತ್ತು, ಉಳಿದ ನಾಲ್ಕು ಗಣ್ಯರಿಗೂ ಮೆರವಣಿಗೆಗೂ ಮೀಸಲಾಗಿದ್ದವು. ಸಂಖ್ಯೆ ನೋಡಿ ಒಳಹೊಕ್ಕವನು ತನ್ನ ಮೆಟ್ಟಿಲನ್ನೇ ಹತ್ತಿ ತನ್ನ ಸಾಲಿಗೇ ತಲುಪುತ್ತಿದ್ದ. ಶಾಸನಪ್ರಿಯರು ಹೇಳಿದ ಅಂತಸ್ತಿನ ನಿಯಮವನ್ನು ಕಾವಲುಗಾರನಿಗಿಂತ ಹೆಚ್ಚಾಗಿ ಕಟ್ಟಡವೇ ಜಾರಿಗೊಳಿಸುತ್ತಿತ್ತು. ಮೇಲಿನ ಸಾಲಿನವನೂ ಸೆನೆಟರನೂ ದಾರಿಯಲ್ಲಿ ಎದುರಾಗುವ ಸಂದರ್ಭವೇ ಅಪರೂಪ.

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ಹೇಳಬೇಕು. ಕ್ರಿ.ಶ. 27ರಲ್ಲಿ ರೋಮಿನ ಸಮೀಪದ ಫಿಡೆನೆ ಎಂಬಲ್ಲಿ ಅಟಿಲಿಯಸ್ ಎಂಬ ದಾಸ್ಯಮುಕ್ತನೊಬ್ಬ ಮರದ ಆಂಫಿಥಿಯೇಟರ್ ಕಟ್ಟಿಸಿದ. ಪಾಯವನ್ನು ಗಟ್ಟಿ ನೆಲಕ್ಕೆ ಇಳಿಸಿರಲಿಲ್ಲ, ಮೇಲಿನ ಮರದ ಜೋಡಣೆಯೂ ಭದ್ರವಾಗಿರಲಿಲ್ಲ. ಟೈಬೀರಿಯಸ್ ಚಕ್ರವರ್ತಿಗೆ ಆಟಗಳಲ್ಲಿ ಆಸಕ್ತಿಯಿಲ್ಲದ್ದರಿಂದ ಹಸಿದಿದ್ದ ಜನ ರೋಮಿನಿಂದ ನುಗ್ಗಿ ಬಂದರು, ಕಟ್ಟಡ ಕುಸಿಯಿತು. ಸತ್ತವರು ಮತ್ತು ಗಾಯಗೊಂಡವರು ಸೇರಿ 50,000 ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಸತ್ತವರೇ 20,000 ಎಂದು ಸ್ವೆಟೋನಿಯಸ್. ಅಂಕಿಗಳು ಹಿಗ್ಗಿರಬಹುದು. ನನಗೆ ಮುಖ್ಯವೆನಿಸುವುದು ಬಳಿಕ ಸೆನೆಟ್ ಮಾಡಿದ ನಿರ್ಣಯ: 4,00,000 ಸೆಸ್ಟರ್ಸಿಗಿಂತ (ರೋಮನ್ ನಾಣ್ಯ) ಕಡಿಮೆ ಆಸ್ತಿಯುಳ್ಳವನು ಗ್ಲಾಡಿಯೇಟರ್ ಆಟ ನಡೆಸಕೂಡದು, ನೆಲ ಗಟ್ಟಿಯಿದೆಯೆಂದು ಪರೀಕ್ಷಿಸದೆ ಯಾರೂ ಆಂಫಿಥಿಯೇಟರ್ ಕಟ್ಟಕೂಡದು. ಮಣ್ಣಿನ ಪರೀಕ್ಷೆಯ ವರದಿಗಾಗಿ ಗುತ್ತಿಗೆದಾರರ ಹಿಂದೆ ಮೂವತ್ತು ವರ್ಷ ಅಲೆದವನಿಗೆ ಈ ಸಾಲು ಓದಿದಾಗ ಆದ ಸಮಾಧಾನವನ್ನು ಹೇಳಲಾರೆ.

ಕಹಿಬೇವು:

ಇಬ್ಬರ ಬರಹವೂ ಚೆನ್ನಾಗಿದೆ. ಆದರೆ ಇಲ್ಲಿಯವರೆಗೆ ಆಸನ, ಪಾಯ, ಕಮಾನುಗಳ ಮಾತೇ ಆಯಿತು. ನಡುವಿನ ಮರಳಿನ ಮೇಲೆ ಏನಾಗುತ್ತಿತ್ತು ಎಂಬುದರ ಬಗ್ಗೆ ಒಂದು ವಾಕ್ಯವೂ ಬಂದಿಲ್ಲ. ‘ಅರೀನಾ’ ಎಂಬ ಪದದ ಅರ್ಥವೇ ಮರಳು. ಅದನ್ನು ಹರಡುತ್ತಿದ್ದುದು ರಕ್ತ ಹೀರಿಕೊಳ್ಳಲಿ ಎಂದು. ಟೈಟಸನ ಉದ್ಘಾಟನಾ ಆಟಗಳು ನೂರು ದಿನ ನಡೆದವು, 9,000 ಪ್ರಾಣಿಗಳು ಸತ್ತವು ಎಂದು ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆಯುತ್ತಾನೆ. ಬೆಳಿಗ್ಗೆ ಬೇಟೆ, ನಡುಹಗಲಿನಲ್ಲಿ ಮರಣದಂಡನೆ, ಮಧ್ಯಾಹ್ನದ ಮೇಲೆ ಗ್ಲಾಡಿಯೇಟರರು, ಇದು ದಿನದ ಕ್ರಮ. ನಡುಹಗಲಿನ ಹೊತ್ತಿಗೆ ಹೋಗಿದ್ದ ತತ್ತ್ವಜ್ಞಾನಿ ಸೆನೆಕ, ಅಲ್ಲಿಂದ ಹಿಂತಿರುಗುವಾಗ ತಾನು ಇನ್ನಷ್ಟು ಕ್ರೂರನಾಗಿದ್ದೆನೆಂದು ಸ್ನೇಹಿತನಿಗೆ ಪತ್ರ ಬರೆದ. ಕ್ರಿ.ಶ. 177ರಲ್ಲಿ ಲಿಯಾನ್ ನಗರದಲ್ಲಿ, 203ರಲ್ಲಿ ಕಾರ್ತೇಜಿನಲ್ಲಿ ಕ್ರೈಸ್ತರನ್ನು ಕೊಂದದ್ದು ಇಂಥ ಅಂಗಳಗಳಲ್ಲೇ. ಕಾರ್ತೇಜಿನಲ್ಲಿ ಸತ್ತ ಪರ್ಪೆಟುವ ಎಂಬ ತರುಣಿ ಆಗಷ್ಟೇ ಮಗುವಿಗೆ ತಾಯಿಯಾಗಿದ್ದಳು. ‘ಸಾರ್ವಜನಿಕ ಜೀವನ’ ಎಂಬ ಸಭ್ಯ ಪದದ ಕೆಳಗೆ ಇದನ್ನೆಲ್ಲ ಮುಚ್ಚಿಡುವುದು ಸರಿಯೇ?

ಶಾಸನಪ್ರಿಯ:

ಕಹಿಬೇವು ಅವರ ಆಕ್ಷೇಪ ನ್ಯಾಯವಾದದ್ದು. ನನ್ನ ಮೊದಲ ಬರಹದಲ್ಲಿ ಅದಕ್ಕೆ ಜಾಗ ಕೊಡದೆ ಹೋದದ್ದು ನನ್ನ ತಪ್ಪು. ಆದರೂ ಒಂದು ಮಾತು ಹೇಳುತ್ತೇನೆ. ಆ ಕ್ರೌರ್ಯವು ಸಾರ್ವಜನಿಕ ಜೀವನದ ಹೊರಗಿನದಾಗಿರಲಿಲ್ಲ, ಅದರ ಲೆಕ್ಕಪುಸ್ತಕದೊಳಗೇ ಇತ್ತು. ಸ್ಪೇನಿನ ಉರ್ಸೋ ಎಂಬ ಊರಿನ ಸನ್ನದು ಕಂಚಿನ ಫಲಕಗಳ ಮೇಲೆ ಉಳಿದಿದೆ. ಊರಿನ ಮುಖ್ಯಾಧಿಕಾರಿಗಳು ತಮ್ಮ ಅವಧಿಯಲ್ಲಿ ದೇವತೆಗಳ ಹೆಸರಿನಲ್ಲಿ ನಾಲ್ಕು ದಿನ ಆಟವನ್ನೋ ನಾಟಕವನ್ನೋ ನಡೆಸಲೇಬೇಕು, ಅದಕ್ಕೆ ತಲಾ ಕನಿಷ್ಠ 2,000 ಸೆಸ್ಟರ್ಸ್ ಸ್ವಂತ ಹಣ ಹಾಕಲೇಬೇಕು ಎಂದು ಅದು ವಿಧಿಸುತ್ತದೆ. ಎಂದರೆ ಆಟ ಕೊಡುವುದು ಅಧಿಕಾರಿಯ ಔದಾರ್ಯವಷ್ಟೇ ಅಲ್ಲ, ಹುದ್ದೆಯೊಡನೆ ಬರುವ ಕರ್ತವ್ಯ. ಖರ್ಚು ಕೈಮೀರಿದ್ದರಿಂದ ಮಾರ್ಕಸ್ ಔರೇಲಿಯಸ್ ಕಾಲದಲ್ಲಿ, ಕ್ರಿ.ಶ. 177ರ ಸುಮಾರಿಗೆ, ಗ್ಲಾಡಿಯೇಟರರ ಬೆಲೆಗೆ ದರ್ಜೆವಾರು ಮಿತಿ ಹಾಕುವ ನಿರ್ಣಯ ಸೆನೆಟಿನಲ್ಲಿ ಆಯಿತು. ಅದರ ಪ್ರತಿ ಸ್ಪೇನಿನ ಇಟಾಲಿಕದಲ್ಲಿ ಸಿಕ್ಕಿದೆ. ಮನುಷ್ಯರ ಪ್ರಾಣಕ್ಕೆ ದರಪಟ್ಟಿ! ಇದನ್ನು ಬರೆಯುವಾಗ ನನಗೂ ಕಹಿಯೇ ಆಗುತ್ತದೆ.

ಈ ಲೆಕ್ಕ ಎಷ್ಟು ಬಹಿರಂಗವಾಗಿತ್ತು ಎಂಬುದಕ್ಕೆ ಟುನೀಸಿಯಾದ ಸ್ಮಿರಾಟಿನಲ್ಲಿ ಸಿಕ್ಕಿದ, ಈಗ ಸೂಸ್ ವಸ್ತುಸಂಗ್ರಹಾಲಯದಲ್ಲಿರುವ ಮೂರನೆಯ ಶತಮಾನದ ಮೊಸಾಯಿಕ್ ನೆಲಹಾಸು ನನಗೆ ತುಂಬ ಇಷ್ಟವಾದ ಸಾಕ್ಷಿ. ಮಗೇರಿಯಸ್ ಎಂಬ ಸ್ಥಳೀಯ ಶ್ರೀಮಂತನೊಬ್ಬ ಬೇಟೆಯ ಆಟ ಕೊಟ್ಟಿದ್ದ. ಚಿತ್ರದಲ್ಲಿ ಬೇಟೆಗಾರರು ನಾಲ್ಕು ಚಿರತೆಗಳನ್ನು ಇರಿಯುತ್ತಿದ್ದಾರೆ. ಚಿರತೆಗಳಿಗೂ ಒಂದೊಂದು ಹೆಸರಿದೆ. ನಡುವೆ ಒಬ್ಬ ಹುಡುಗ ತಟ್ಟೆಯಲ್ಲಿ ನಾಲ್ಕು ಹಣದ ಚೀಲಗಳನ್ನು ಹಿಡಿದು ನಿಂತಿದ್ದಾನೆ. ಅವನ ಇಕ್ಕೆಲದಲ್ಲಿ ಅಂದು ನಡೆದ ಮಾತುಕತೆಯನ್ನೇ ಬರೆಸಲಾಗಿದೆ. ತೆಲೆಜೆನಿಯೈ ಎಂಬ ಬೇಟೆಗಾರರ ತಂಡಕ್ಕೆ ಚಿರತೆಯೊಂದಕ್ಕೆ 500 ದಿನಾರಿಯಂತೆ ಕೊಡಿರೆಂದು ಸಾರುವವನು ಕೇಳುತ್ತಾನೆ. ಯಾರು ಕೊಡಬೇಕೆಂದು ಅವನು ಹೆಸರಿಸುವುದಿಲ್ಲ. ಜನ ಮಗೇರಿಯಸನ ಹೆಸರನ್ನು ಕೂಗುತ್ತಾರೆ: ಮುಂದೆ ಬರುವವರು ನಿನ್ನನ್ನು ನೋಡಿ ಕಲಿಯಲಿ, ಹಿಂದಿನವರ ಕಿವಿಗೂ ಇದು ಬೀಳಲಿ, ಇಂಥ ಆಟ ಯಾವಾಗ ನಡೆದಿತ್ತು! ಚೀಲಗಳ ಮೇಲೆ ಸಾವಿರದ ಗುರುತಿದೆ, ಕೇಳಿದ್ದಕ್ಕೆ ಎರಡರಷ್ಟು ಕೊಟ್ಟ ಎಂದರ್ಥ. ಕೊನೆಯಲ್ಲಿ ಜನರ ಕೂಗು: ಸಿರಿವಂತಿಕೆಯೆಂದರೆ ಇದು, ಶಕ್ತಿಯೆಂದರೆ ಇದು. ಆ ಕೂಗನ್ನು ಅವನು ತನ್ನ ಮನೆಯ ನೆಲದಲ್ಲಿ ಕಲ್ಲಿನ ಚೂರುಗಳಿಂದ ಬರೆಸಿಕೊಂಡ. ಸಾವಿರಾರು ಜನರೆದುರು ಹೆಸರು ಹಿಡಿದು ಕೂಗಿದ ಮೇಲೆ ‘ಕೊಡಲಾರೆ’ ಎನ್ನುವ ದಾರಿಯಾದರೂ ಅವನಿಗೆಲ್ಲಿತ್ತು?

ತುಂಗಾತೀರ:

ಇಲ್ಲಿಯವರೆಗಿನ ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ನನ್ನವು ಎರಡು ಪ್ರಶ್ನೆಗಳು. ಅಗಸ್ಟಸನ ಪಟ್ಟಿಯಲ್ಲಿ ಹೆಂಗಸರು ಎಲ್ಲಿದ್ದರು? ಮತ್ತು ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೆಂದು ಶಾಲೆಯಲ್ಲಿ ಕೇಳಿದ್ದೆವು. ಅದು ಇಂಥ ಆಂಫಿಥಿಯೇಟರಿನಲ್ಲಿ ಆಡಿದ್ದೇ?

ಲ್ಯಾಟಿನ್_ಕಲಿಕೆ:

ತುಂಗಾತೀರ ಅವರೇ, ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಆ ಪಪೈರಸ್ ಪ್ರಹಸನದಲ್ಲಿ ಭಾರತದ ಕಡಲತೀರದ ರಾಜನ ಕಡೆಯವರು ಆಡುವ ಮಾತುಗಳು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಷ್ 1904ರಲ್ಲಿ ವಾದಿಸಿದರು. ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೇಗೂ ಅದು ಹಾಡು, ಕುಣಿತ, ಹಾಸ್ಯ ತುಂಬಿದ ರಂಗಪ್ರಯೋಗ. ಅದರ ಜಾಗ ಅರ್ಧಚಂದ್ರಾಕಾರದ ಥಿಯೇಟರ್. ಆಂಫಿಥಿಯೇಟರಿನ ಚರ್ಚೆಗೆ ಅದನ್ನು ತರಲಾಗದು.

ಹೆಂಗಸರ ಜಾಗ ಅತ್ಯಂತ ಮೇಲಿನ ಸಾಲುಗಳಲ್ಲಿ. ಮೊದಲು ಗಂಡಸರೊಡನೆ ಬೆರೆತು ಕೂರುತ್ತಿದ್ದವರನ್ನು ಗ್ಲಾಡಿಯೇಟರ್ ಆಟಗಳಲ್ಲಿ ಮೇಲಕ್ಕೆ ಕಳಿಸಿದವನು ಅಗಸ್ಟಸನೇ. ವೆಸ್ಟಾ ದೇವಿಯ ಕನ್ಯಾ ಪೂಜಾರಿಣಿಯರು ಮಾತ್ರ ಇದಕ್ಕೆ ಅಪವಾದವಾಗಿದ್ದು, ಅವರಿಗೆ ಕೆಳಗೆ ಪ್ರತ್ಯೇಕ ಸ್ಥಾನವಿತ್ತು. ದೂರದಿಂದ ನೋಡಿದರೂ ಮೆಚ್ಚುಗೆಗೆ ಅಡ್ಡಿಯಾಗಲಿಲ್ಲವೆಂದು ಕಾಣುತ್ತದೆ: ಪಾಂಪೆಯ ಗೋಡೆಯೊಂದರ ಮೇಲೆ ಸೆಲಾಡಸ್ ಎಂಬ ಗ್ಲಾಡಿಯೇಟರನನ್ನು ‘ಹುಡುಗಿಯರ ನಿಟ್ಟುಸಿರು’ ಎಂದು ಗೀಚಲಾಗಿದೆ. ಅದನ್ನು ಅವನೇ ಗೀಚಿಕೊಂಡಿರಬಹುದು ಎಂಬ ಸಂಶಯವೂ ನನಗಿದೆ.

ಇನ್ನು ಜನರ ಕೂಗಿನ ಬಗ್ಗೆ. ಶಾಸನಪ್ರಿಯರು ಹೇಳಿದ ಮಾತಿಗೆ ಚಕ್ರವರ್ತಿಗಳಿಗೂ ಮುಂಚಿನ ಗಣರಾಜ್ಯದ ಕಾಲದಲ್ಲೇ ಬೇರುಗಳಿವೆ. ರೋಮಿನಲ್ಲಿ ಕಲ್ಲಿನ ಆಂಫಿಥಿಯೇಟರ್ ಮೊದಲು ಎದ್ದದ್ದು ಕ್ರಿ.ಪೂ. 29ರಲ್ಲಿ, ಅದಕ್ಕೂ ಮುಂಚೆ ಕಾಳಗಗಳು ನಡೆಯುತ್ತಿದ್ದುದು ಊರ ನಡುವಿನ ಫೋರಂ ಚೌಕದಲ್ಲಿ, ತಾತ್ಕಾಲಿಕ ಮರದ ಆಸನಗಳ ನಡುವೆ. ಅಧಿಕಾರಿಗಳು ಆ ಆಸನಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಬಡವರಿಗೂ ಕಾಣಲಿ ಎಂದು ಜನನಾಯಕ ಗಾಯಸ್ ಗ್ರ್ಯಾಕಸ್ ಆಟದ ಹಿಂದಿನ ರಾತ್ರಿಯೇ ಕೆಲಸಗಾರರನ್ನು ಕರೆತಂದು ಅವುಗಳನ್ನು ಕಿತ್ತುಹಾಕಿಸಿದನೆಂದು ಪ್ಲುಟಾರ್ಕ್ ಹೇಳುತ್ತಾನೆ. ಜನ ಮೆಚ್ಚಿದರು, ಜೊತೆಯ ಅಧಿಕಾರಿಗಳು ಕೆರಳಿದರು. ಕ್ರಿ.ಪೂ. 56ರಲ್ಲಿ ವಕೀಲನೂ ರಾಜಕಾರಣಿಯೂ ಆದ ಸಿಸೆರೋ ನ್ಯಾಯಾಲಯದಲ್ಲಿ ವಾದಿಸುತ್ತ, ರೋಮನ್ ಜನತೆಯ ಅಭಿಪ್ರಾಯ ತಿಳಿಯುವುದು ಮೂರು ಕಡೆ ಎಂದ: ಭಾಷಣದ ಸಭೆಯಲ್ಲಿ, ಮತದಾನದಲ್ಲಿ, ಆಟ ಮತ್ತು ಗ್ಲಾಡಿಯೇಟರ್ ಕಾಳಗಗಳಿಗೆ ಸೇರಿದ ಜನಸ್ತೋಮದಲ್ಲಿ. ಚಕ್ರವರ್ತಿಗಳ ಕಾಲಕ್ಕೆ ಮೊದಲ ಎರಡರಲ್ಲಿ ಹುರುಳು ಉಳಿಯಲಿಲ್ಲ. ಮೂರನೆಯದು ಉಳಿಯಿತು.

ಆದ್ದರಿಂದಲೇ ಚಕ್ರವರ್ತಿಯೂ ಅಲ್ಲಿ ಹುಷಾರಾಗಿರಬೇಕಿತ್ತು. ಕ್ಲಾಡಿಯಸ್ ಗೆದ್ದವರಿಗೆ ಚಿನ್ನದ ನಾಣ್ಯ ಕೊಡುವಾಗ ಜನರ ಜೊತೆ ತಾನೂ ಬೆರಳು ಮಡಿಸುತ್ತ ಗಟ್ಟಿಯಾಗಿ ಎಣಿಸುತ್ತಿದ್ದ, ನೋಡುಗರನ್ನು ‘ಒಡೆಯರೇ’ ಎಂದು ಕರೆಯುತ್ತಿದ್ದ. ಕಮೋಡಸ್ ಇದಕ್ಕೆ ವಿರುದ್ಧ. ಅವನು ತಾನೇ ಅಂಗಳಕ್ಕಿಳಿದ, ಕ್ರಿ.ಶ. 192ರ ಆಟಗಳಲ್ಲಿ ಉಷ್ಟ್ರಪಕ್ಷಿಯೊಂದರ ತಲೆ ಕಡಿದು, ಒಂದು ಕೈಯಲ್ಲಿ ತಲೆಯನ್ನೂ ಇನ್ನೊಂದರಲ್ಲಿ ರಕ್ತ ಸೋರುವ ಕತ್ತಿಯನ್ನೂ ಹಿಡಿದು ಸೆನೆಟರರ ಸಾಲಿನ ಮುಂದೆ ಬಂದು, ಮಾತಿಲ್ಲದೆ ಹಲ್ಲುಕಿರಿಯುತ್ತ ತಲೆಯಾಡಿಸಿದ. ಮೊದಲ ಸಾಲಿನ ಗೌರವ ಅಂದು ಅವರ ಪಾಲಿಗೆ ಶಾಪವಾಯಿತು. ಅಲ್ಲೇ ಕೂತಿದ್ದ ಇತಿಹಾಸಕಾರ ಡಿಯೋಗೆ ಭಯಕ್ಕಿಂತ ನಗು ಉಕ್ಕಿತಂತೆ. ನಕ್ಕರೆ ಪ್ರಾಣ ಹೋಗುತ್ತದೆಂದು ತಲೆಯ ಮೇಲಿದ್ದ ಮಾಲೆಯಿಂದ ಲಾರೆಲ್ ಎಲೆ ಕಿತ್ತು ಅಗಿಯತೊಡಗಿದ, ಪಕ್ಕದವರಿಗೂ ಹಾಗೇ ಮಾಡಲು ಹೇಳಿದ.

ಕಹಿಬೇವು:

ಡಿಯೋನ ಪ್ರಸಂಗ ಓದಿ ನಾನೂ ನಕ್ಕೆ. ಆದರೆ ‘ಜನರ ದನಿ’ ಎಂದಾಗ ಅದು ಯಾವ ಜನರದ್ದು ಎಂದು ಕೇಳಲೇಬೇಕು. ಪಾಂಪೆಗೇ ಹಿಂದಿರುಗೋಣ. ಕ್ರಿ.ಶ. 59ರಲ್ಲಿ ಲಿವಿನೇಯಸ್ ರೆಗ್ಯುಲಸ್ ಎಂಬ, ಸೆನೆಟಿನಿಂದ ಹೊರಹಾಕಲ್ಪಟ್ಟಿದ್ದ ಒಬ್ಬ ವ್ಯಕ್ತಿ ಅಲ್ಲಿ ಆಟ ಕೊಟ್ಟ. ನೆರೆಯ ನುಸೇರಿಯದವರೂ ಬಂದಿದ್ದರು. ಮೊದಲು ಮೂದಲಿಕೆ, ಬಳಿಕ ಕಲ್ಲು, ಕೊನೆಗೆ ಕತ್ತಿ. ನುಸೇರಿಯದವರು ಹೆಚ್ಚಾಗಿ ಸತ್ತರು. ರೋಮಿನ ಸೆನೆಟ್ ಪಾಂಪೆಯಲ್ಲಿ ಅಂಥ ಕೂಟಗಳನ್ನು ಹತ್ತು ವರ್ಷ ನಿಷೇಧಿಸಿತು, ಕಾನೂನುಬಾಹಿರ ಸಂಘಗಳನ್ನು ಮುಚ್ಚಿಸಿತು, ರೆಗ್ಯುಲಸನನ್ನು ಗಡಿಪಾರು ಮಾಡಿತು. ಅಂಗಳದೊಳಗೆ ಸಾಯುತ್ತಿದ್ದವರಿಗಾಗಿ ಯಾರೂ ನಿಷೇಧ ಹೇರಲಿಲ್ಲ. ಆಸನಗಳಲ್ಲಿ ನಾಗರಿಕರು ಸತ್ತಾಗ ಮಾತ್ರ ಸೆನೆಟಿಗೆ ಎಚ್ಚರವಾಯಿತು. ಈ ವ್ಯತ್ಯಾಸವೇ ನನ್ನ ಇಡೀ ಆಕ್ಷೇಪ.

ಶಾಸನಪ್ರಿಯ:

ಒಪ್ಪುತ್ತೇನೆ. ಆ ಗಲಭೆಯ ಭಿತ್ತಿಚಿತ್ರ ಪಾಂಪೆಯ ಮನೆಯೊಂದರಲ್ಲಿ ಸಿಕ್ಕಿ ಈಗ ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿದೆ ಎಂಬುದನ್ನಷ್ಟೇ ಸೇರಿಸುತ್ತೇನೆ. ಬಡಿದಾಟದ ಜೊತೆಗೆ ಚಿತ್ರಕಾರ ಬಿಸಿಲು ತಡೆಯುವ ಬಟ್ಟೆಯ ಮೇಲ್ಕಟ್ಟನ್ನೂ, ಹೊರಗೆ ಮರಗಳ ಕೆಳಗಿನ ಅಂಗಡಿಗಳನ್ನೂ ಬಿಡಿಸಿದ್ದಾನೆ. ಊರಿನ ಗೋಡೆಗಳ ಮೇಲೆ ಬರೆದ ಪ್ರಕಟಣೆಗಳಲ್ಲೂ ಇದೇ ವಿವರ: ಇಂಥವರು ಇಪ್ಪತ್ತು ಜೋಡಿ, ಅವರ ಮಗ ಹತ್ತು ಜೋಡಿ ಗ್ಲಾಡಿಯೇಟರರನ್ನು ಕೊಡುತ್ತಾರೆ, ಬೇಟೆ ಇರುತ್ತದೆ, ಮೇಲ್ಕಟ್ಟು ಇರುತ್ತದೆ. ನೆರಳೂ ಜಾಹೀರಾತಿನ ಭಾಗ.

ಗಾರೆ_ಗಡಿಯಾರ:

ಮೇಲ್ಕಟ್ಟಿನ ಮಾತು ಬಂದದ್ದರಿಂದ ಹೇಳುತ್ತೇನೆ: ಕೊಲೋಸಿಯಂನಲ್ಲಿ ಅದನ್ನು ಎಳೆದು ಕಟ್ಟಲು ನೌಕಾಪಡೆಯ ನಾವಿಕರನ್ನೇ ನೇಮಿಸಿದ್ದರು. ಹಾಯಿ ಮತ್ತು ಹಗ್ಗದ ಕೆಲಸ ಬಲ್ಲವರು ಅವರೇ ತಾನೆ.

ಆಟಗಳು ನಿಂತ ಮೇಲೆ ಈ ಕಟ್ಟಡಗಳು ಏನಾದವು ಎಂಬುದೂ ಕುತೂಹಲದ ವಿಷಯ. ಫ್ರಾನ್ಸಿನ ಆರ್ಲ್‌ನಲ್ಲಿ ಮಧ್ಯಯುಗದ ಜನ ಆಂಫಿಥಿಯೇಟರನ್ನೇ ಕೋಟೆಯಾಗಿಸಿ ಒಳಗೆ ಇನ್ನೂರಕ್ಕೂ ಹೆಚ್ಚು ಮನೆಗಳನ್ನೂ ಪ್ರಾರ್ಥನಾಮಂದಿರಗಳನ್ನೂ ಕಟ್ಟಿಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವುಗಳನ್ನು ತೆರವು ಮಾಡಿದರು. ವೆರೋನಾದ್ದು 1117ರ ಭೂಕಂಪದಲ್ಲಿ ಹೊರಗೋಡೆಯನ್ನು ಬಹುಪಾಲು ಕಳೆದುಕೊಂಡಿತು, 1913ರಿಂದ ಅಲ್ಲಿ ಒಪೆರಾ ನಡೆಯುತ್ತಿದೆ. ಲುಕ್ಕಾದಲ್ಲಿ ಅಂಗಳ ಊರಿನ ಚೌಕವಾಗಿದೆ; ಸುತ್ತಲಿನ ಮನೆಗಳು ಹಳೆಯ ಗೋಡೆಯ ಮೇಲೇ ನಿಂತಿರುವುದರಿಂದ ಚೌಕ ಇಂದಿಗೂ ಅಂಡಾಕಾರ.

ಲ್ಯಾಟಿನ್_ಕಲಿಕೆ:

ಕೊಲೋಸಿಯಂ ವಿಷಯದಲ್ಲಿ ಇನ್ನೊಂದು ಸೇರ್ಪಡೆ, ಶಾಸನಪ್ರಿಯರ ಮೊದಲ ಪ್ರಶ್ನೆಗೆ ಸಂಬಂಧಿಸಿದ್ದು. ಕ್ರಿ.ಶ. 80ರ ಒಂದು ಶಾಸನದಲ್ಲಿ ಆರ್ವಲ್ ಎಂಬ ಪುರೋಹಿತ ವರ್ಗಕ್ಕೆ ಅಲ್ಲಿ ಕೊಟ್ಟ ಜಾಗದ ವಿವರವಿದೆ: ಯಾವ ಹಂತ, ಯಾವ ವಿಭಾಗ, ಎಷ್ಟು ಸಾಲು, ಎಷ್ಟು ಅಡಿ. ಅಡಿಯ ಭಿನ್ನರಾಶಿಗಳನ್ನೂ ಬಿಡದೆ ಕೆತ್ತಿದ್ದಾರೆ. ಇದು ಆರಂಭದ ಮಾತು. ಐದನೆಯ ಶತಮಾನದ ಮೊದಲ ಭಾಗದಲ್ಲಿ ಗ್ಲಾಡಿಯೇಟರ್ ಕಾಳಗಗಳು ರೋಮಿನಲ್ಲಿ ನಿಂತುಹೋದವು. ಪ್ರಾಣಿಬೇಟೆಗಳು ಮಾತ್ರ ಮುಂದುವರಿದು, ನಮಗೆ ತಿಳಿದಿರುವ ಕೊನೆಯದು ಕ್ರಿ.ಶ. 523ರಲ್ಲಿ ನಡೆಯಿತು. ಆ ಹೊತ್ತಿಗೆ ಪಶ್ಚಿಮದಲ್ಲಿ ಚಕ್ರವರ್ತಿಯೇ ಇರಲಿಲ್ಲ. ಇಟಲಿಯನ್ನು ಆಳುತ್ತಿದ್ದವನು ಗೋಥ್ ದೊರೆ ಥಿಯೋಡೋರಿಕ್. ಆದರೂ ಮುಂದಿನ ಸಾಲಿನ ಅಮೃತಶಿಲೆಯ ಮೇಲೆ ಆ ಕೊನೆಯ ಕಾಲದ ಸೆನೆಟರರ ಹೆಸರುಗಳು ಕೆತ್ತಿರುವುದು ಉಳಿದಿದೆ. ಒಬ್ಬ ತೀರಿಕೊಂಡಾಗಲೋ ಸ್ಥಾನ ಬದಲಾದಾಗಲೋ ಹಳೆಯ ಹೆಸರನ್ನು ಉಳಿಯಿಂದ ಕೆರೆದು, ಅದೇ ತಗ್ಗಿನಲ್ಲಿ ಹೊಸಬನ ಹೆಸರನ್ನು ಕೆತ್ತುತ್ತಿದ್ದರು. ಕೆಲವು ಕಲ್ಲುಗಳಲ್ಲಿ ಕೆಳಗಿನ ಅಕ್ಷರಗಳ ಗೆರೆ ಇನ್ನೂ ಕಾಣುತ್ತದೆ.